ಹೂಬಿಟ್ಟ ಅಲಸಂದೆ ಮಣ್ಣಿಗೆ

ಆ ಬೆಳಗ್ಗೆ ಟೇಕಲ್ ಬೆಟ್ಟದ ನೆತ್ತಿಗೆ ಮೋಡ ಇಳಿದಿತ್ತು. ಹಿಂದಿನ ಸಂಜೆಯ ಮಳೆಗೆ ನೆಲ ಹದವಾಗಿತ್ತು. ಗಂಗರತ್ನಮ್ಮ ಬದುವಿನಲ್ಲಿ ನಿಂತು, ಹೂಬಿಟ್ಟ ಅಲಸಂದೆಗೆ ಕೈಮುಗಿದಳು. ಇವತ್ತು ಅದನ್ನು ಉತ್ತು ಮಣ್ಣಿಗೆ ಸೇರಿಸಬೇಕೆಂದು ಸಂಘದ ಕೃಷಿ ಸಖಿ ಮೌನಿಕಾ ಹೇಳಿದ್ದಳು.

ಹೋದ ವರ್ಷ ಆ ಎಕರೆಗೆ ಮೂರು ಮೂಟೆ ಯೂರಿಯಾ ಸುರಿದರೂ ಮುಸುಕಿನ ಜೋಳ ಹಳದಿ ತಿರುಗಿ, ತೆನೆ ಅರ್ಧ ಬೋಳಾಗಿತ್ತು. "ಈ ಸಲನೂ ಹಿಂಗೇ ಆದ್ರೆ ಮೇಲ್ಮಣ್ಣು ಇಟ್ಟಿಗೆ ಗೂಡಿಗೆ ಕೊಟ್ಬಿಡ್ತೀನಿ" ಎಂದಿದ್ದ ಗಂಡ ಚನ್ನರಾಯಪ್ಪ. ಮಣ್ಣು ಹೋದರೆ ಉಳಿಯುವುದು ಗುಂಡಿ. ಆ ಮಾತು ಅವಳಿಗೆ ನಿದ್ದೆ ಕೊಟ್ಟಿರಲಿಲ್ಲ.

"ಹೂ ಬಿಟ್ಟಿರೋದನ್ನ ಉಳೋದಾ? ಬಸುರಿ ಇದ್ದಂಗೆ ಕಣಮ್ಮಣ್ಣಿ ಅದು, ಪಾಪ ಸುತ್ಕೊಳ್ತದೆ. ಕಾಯಿ ಕಿತ್ಕೊಂಡು ಆಮೇಲೆ ಉತ್ತರಾಯ್ತು" ಎಂದ ಚನ್ನರಾಯಪ್ಪ, ಹೊಲಕ್ಕೆ ಬಂದಿದ್ದ ಮೌನಿಕಾಗೆ.

"ಪಕ್ಕದ ಹೊಲದ ಸುರೇಶಣ್ಣ ಹಂಗೇ ಮಾಡಿದ್ದು ಮಾವ. ಅವ್ರ ಸಾರಿಗೆ ಕಾಯಿ ಸಿಕ್ತು, ಜೋಳಕ್ಕೆ ಏನೂ ಸಿಗ್ಲಿಲ್ಲ!" ಮೌನಿಕಾ ನಕ್ಕು, ಒಂದು ಗಿಡ ಕಿತ್ತು ಬೇರು ತೋರಿಸಿದಳು. "ಈ ಗಂಟು ನೋಡಿ. ಗಾಳೀಲಿರೋ ಸಾರಜನಕ ಹಿಡಿದು ಕೊಡೋದು ಇದೇ. ಕಾಯಿ ಕಟ್ಟಿದ್ರೆ ಆ ಸತ್ವ ಕಾಳಿಗೆ ಹೋಗ್ತದೆ. ಈಗ್ಲೇ ಉತ್ತು, ಎರಡು ವಾರ ಕೊಳೆಯೋಕೆ ಬಿಟ್ಟು ಜೋಳ ಹಾಕಿ."

"ಹಂಗಾದ್ರೆ ಯೂರಿಯಾ ಬೇಡ್ವಾ?" ಎಂದ ಅವನು.

"ಬೇಕು, ಪೂರ್ತಿ ಬಿಡಂಗಿಲ್ಲ. ನಿಮ್ಮ ಮಣ್ಣು ಪರೀಕ್ಷೆ ಮಾಡ್ಸಿದ್ವಲ್ಲ, ಎರಡು ಮೂಟೆ ಸಾಕು. ಒಂದೇ ಸಲ ಸುರೀಬೇಡಿ. ಬಿತ್ತುವಾಗ ಸ್ವಲ್ಪ, ಮೊಣಕಾಲುದ್ದ ಆದಾಗ ಸ್ವಲ್ಪ, ತುದೀಲಿ ಸೂಲಂಗಿ ಹೂ ಬರೋ ಮುಂಚೆ ಸ್ವಲ್ಪ. ನೆಲ ಹಸಿ ಇರ್ಬೇಕು, ಹಾಕಿದ್ಮೇಲೆ ಮಣ್ಣು ಮುಚ್ಚಬೇಕು."

ಚನ್ನರಾಯಪ್ಪ ಕದಲಲಿಲ್ಲ. ಗಂಗರತ್ನಮ್ಮ ಮೆಲ್ಲಗೆ ಹೇಳಿದಳು: "ದೇವ್ರಿಗೆ ಹೂ ಕಿತ್ತು ಕೊಡ್ತೀವಲ್ರೀ. ಭೂಮ್ತಾಯಿಗೆ ಕೊಟ್ರೆ ಪಾಪನಾ?"

ಅವನು ಹೋಗಿ ಟಿಲ್ಲರ್ ಶುರು ಮಾಡಿದ.

ಆದರೂ ಅವನ ಅನುಮಾನ ಹೋಗಲಿಲ್ಲ. ಜೋಳ ಮೊಳೆತ ಮೇಲೆ, ಎರಡು ಮೂಟೆ ಸಾಲದಿದ್ದರೆ ಇರಲೆಂದು ಸುರೇಶನಿಂದ ಒಂದು ಮೂಟೆ ಯೂರಿಯಾ ಕೈಬದಲು ತಂದು ಪಂಪ್‌ಮನೆಯಲ್ಲಿ ಮುಚ್ಚಿಟ್ಟ. ಗಂಗರತ್ನಮ್ಮ ಕಂಡೂ ಕಾಣದಂತಿದ್ದಳು.

ಎರಡೇ ಮೂಟೆ ಹಂಚಿ ಹಾಕಿದರೂ ಪೈರು ಬುಡದವರೆಗೂ ಕಡುಹಸಿರಾಗಿ ಬೆಳೆಯಿತು. ತೆನೆ ಬಲಿತ ದಿನ ಗಂಗರತ್ನಮ್ಮ ಒಂದನ್ನು ಸುಲಿದು ಗಂಡನ ಕೈಗಿಟ್ಟಳು. ತುದಿಯವರೆಗೂ ಕಾಳು.

"ಇಟ್ಟಿಗೆ ಗೂಡಿನೋರು ಫೋನ್ ಮಾಡಿದ್ರು, ಏನನ್ಲಿ?"

"ಮಣ್ಣು ಕೊಡಲ್ಲ ಅಂದ್ಬಿಡು."

"ಆಹಾ, ನೀವೇ ಅನ್ನಿ!"

ಜೋಳ ಬೆಳೆಯುವ ಅಣ್ಣಂದಿರೇ, ಅಕ್ಕಂದಿರೇ, ಮುಂಗಾರಿಗೆ ಮುಂಚಿನ ಮಳೆಗೆ ಅಲಸಂದೆಯನ್ನೋ ಸೆಣಬನ್ನೋ ಬಿತ್ತಿ. ಕಾಯಿಗೆ ಆಸೆಪಡದೆ ಹೂವಿನಲ್ಲೇ ಉತ್ತುಬಿಡಿ. ಮಣ್ಣು ಪರೀಕ್ಷೆ ಹೇಳಿದಷ್ಟೇ ಯೂರಿಯಾ ಕೊಡಿ, ಹಂಚಿ ಕೊಡಿ. ಖರ್ಚು ಇಳಿಯುತ್ತದೆ, ನೆಲವೂ ತಣ್ಣಗಿರುತ್ತದೆ.

ತೆನೆ ಸುಲಿದ ಆ ಸಂಜೆ ಚನ್ನರಾಯಪ್ಪ ಮುಚ್ಚಿಟ್ಟಿದ್ದ ಮೂಟೆಯನ್ನು ಹೆಗಲಿಗೇರಿಸಿ ಸುರೇಶನ ಜಗಲಿಯ ಮೇಲೆ ಇಳಿಸಿ ಬಂದ. ಅದರ ಹೊಲಿಗೆ ಬಿಚ್ಚಿರಲಿಲ್ಲ.