ಗಿರಣಿ ಯಾರ ವಿಚಾರ?

೨೦೨೪ನೇ ಇಸವಿ ನವೆಂಬರ್ ೧೨, ಮಂಗಳವಾರ. ಹಳೇ ಹುಬ್ಬಳ್ಳಿಯಲ್ಲಿ ಶಿದ್ದಪ್ಪನ ಹಿಟ್ಟಿನ ಗಿರಣಿಯ ಮುಂದೆ ಪಾಳಿ ಹಚ್ಚಿದ್ದ ಜೋಳದ ಡಬ್ಬಿಗಳು ಮೂವತ್ತೇಳು. ಅವುಗಳ ಒಡತಿಯರು ಪಕ್ಕದ ಕಟ್ಟೆಯ ಮೇಲೆ ಕುಳಿತು ಒಬ್ಬೊಬ್ಬರಾಗಿ ತೋಳು ಚಾಚುತ್ತಿದ್ದರು. ಭಾಗ್ಯಶ್ರೀ ಪಟ್ಟಿ ಸುತ್ತಿ ರಕ್ತದೊತ್ತಡ ನೋಡುತ್ತಿದ್ದಳು. ಅಂದು ಅವಳ ಒತ್ತಡ ನೋಡುವವರು ಮಾತ್ರ ಯಾರೂ ಇರಲಿಲ್ಲ.

ಅವಳ ಸಂಸ್ಥೆಯು, ಜನರೊಡನೆ ಕುಳಿತು ರೂಪಿಸಿದ ಆರೋಗ್ಯ ಕಾರ್ಯಕ್ರಮವೆಂದು ಹೇಳಿ ಈ ತಪಾಸಣೆಗೆ ಅನುದಾನ ತಂದಿತ್ತು. ಅದು ನಿಜವಾಗಿ ಜನರೊಡನೆ ರೂಪುಗೊಂಡಿತೋ, ಕಚೇರಿಯಲ್ಲಿ ಹುಟ್ಟಿ ಜನರ ಹೆಸರು ಹಚ್ಚಿಕೊಂಡಿತೋ ಎಂದು ಅನುದಾನ ಕೊಟ್ಟವರ ಪರವಾಗಿ ಪರೀಕ್ಷಿಸಲು ಮಾಳಮಡ್ಡಿಯಿಂದ ತ್ರ್ಯಂಬಕರಾಯರು ಬರುವವರಿದ್ದರು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದವರು. ನಗುವುದನ್ನೂ ಶೇಕಡಾ ಲೆಕ್ಕದಲ್ಲಿ ನಗುವವರೆಂಬ ಖ್ಯಾತಿ. ಅವರು ಒಪ್ಪದಿದ್ದರೆ ಕಾರ್ಯಕ್ರಮವೂ ಭಾಗ್ಯಶ್ರೀಯ ನೌಕರಿಯೂ ಮಾರ್ಚಿಗೆ ಮುಗಿದಂತೆ.

ಆದ್ದರಿಂದ ಅವಳು ಹಿಂದಿನ ದಿನವೇ ಹೆಂಗಸರಿಗೆ ಪಾಠ ಹೇಳಿದ್ದಳು: "ಏನ ಕೇಳಿದ್ರೂ 'ಎಲ್ಲಾರೂ ಕೂಡಿ ವಿಚಾರ ಮಾಡೇವ್ರಿ' ಅಂತ ಹೇಳ್ರಿ. ಜಗಳ ಮಾತ್ರ ಬ್ಯಾಡ್ರಿ, ನಿಮ್ಮ ಕಾಲ ಬೀಳ್ತೇನಿ."

ರಾಯರು ಬಂದರು, ಚೀಲ ಕೆಳಗಿಟ್ಟು ಕನ್ನಡಕ ಒರೆಸಿಕೊಂಡರು.

"ತಪಾಸಣಿ ಗಿರಣ್ಯಾಗ ಇಡಬೇಕಂತ ಯಾರು ಹೇಳಿದ್ರಿ?"

"ಎಲ್ಲಾರೂ ಕೂಡಿ ವಿಚಾರ ಮಾಡೇವ್ರಿ," ಎಂದಳು ಕಾಶೀಬಾಯಿ.

"ತಪಾಸಣಿಗೆ ಕೈ ಕೊಡದವರ ಡಬ್ಬಿ ಪಾಳಿಯ ಕಡೀಗೆ ಅನ್ನೋ ನಿಯಮ?"

"ಎಲ್ಲಾರೂ ಕೂಡಿ ವಿಚಾರ ಮಾಡೇವ್ರಿ," ಎಂದಳು ರಾಜಬಿ.

"ಇವತ್ತ ಯಾವ ವಾರ?"

"ಎಲ್ಲಾರೂ ಕೂಡಿ..." ಎಂದು ಹೊರಟ ಹಿಂದಿನವಳ ಬಾಯಿಗೆ ಪಕ್ಕದವಳು ಸೆರಗು ಒತ್ತಿದಳು.

ರಾಯರು ಪೆನ್ನಿಗೆ ಮುಚ್ಚಳ ಹಾಕಿದರು. "ಛಲೋ ಕಲಿಸೀರಿ, ತಂಗೀ. ಎಲ್ಲಾ ಹುಡುಗರ ಉತ್ತರ ಒಂದ ಇದ್ರ ನಾ ಅದನ್ನ ನಕಲು ಅಂತಿದ್ದೆ. ಗಿರಣಿ ವಿಚಾರ ಕಚೇರಿಯವರ ತಲಿಯಿಂದ ಬಂದದ್ದು ಅಂತ ಬರೀತೇನಿ."

ಕಾಶೀಬಾಯಿ ಕಟ್ಟೆಯಿಂದ ಎದ್ದಳು. "ಕಚೇರಿಯವರ ತಲಿ? ಇವರು ಸಮುದಾಯ ಭವನದಾಗ ಖುರ್ಚಿ ಹಾಕ್ಕೊಂಡು ಕುಂತಾಗ ನಾಯಿನೂ ಬಂದಿದ್ದಿಲ್ರಿ! ನಾವು ಹೆಂಗೂ ಇಲ್ಲಿ ಪಾಳಿ ಕಾಯ್ತೇವಿ, ಇಲ್ಲೇ ಬರ್ರಿ ಅಂದಾಕಿ ನಾನು!"

"ವಾರೇವಾ ಕಾಕೂ!" ಎಂದಳು ರಾಜಬಿ. "ನೀವು ತೋರಿಸಿದ್ದು ಬರೇ ಜಾಗಾ. ಕೈ ಕೊಡದವರ ಡಬ್ಬಿ ಹಿಂದ ಇಡ್ರಿ ಅಂದಾಕಿ ನಾ. ಮೊದಲನೇ ವಾರ ನಿಮ್ಮದ ಡಬ್ಬಿ ಹಿಂದ ಹೋಗಿತ್ತು, ಮರತ್ರೇನು?"

"ಮರೀಲಿ ಹೆಂಗ? ಅವತ್ತ ನಮ್ಮನ್ಯಾಗ ಮಧ್ಯಾಹ್ನ ರೊಟ್ಟಿನ ಆಗಿದ್ದಿಲ್ಲ!"

ಶಿದ್ದಪ್ಪ ಗಿರಣಿ ನಿಲ್ಲಿಸಿ, ಹುಬ್ಬಿನ ಮೇಲಿನ ಹಿಟ್ಟು ಸಮೇತ ಹೊರಬಂದ. "ಗಿರಣಿ ನಂದು, ಕರೆಂಟ್ ಬಿಲ್ ನಂದು, ವಿಚಾರ ಇವರದಂತ!"

ಕಟ್ಟೆಯಲ್ಲಿ ಎರಡು ಪಕ್ಷಗಳಾದವು. ಭಾಗ್ಯಶ್ರೀ ಮನಸ್ಸಿನಲ್ಲೇ ನೌಕರಿಗೆ ನಮಸ್ಕಾರ ಹೇಳಿ, "ಸರ, ಇವರು ದಿನಾ ಹಿಂಗ ಇರಂಗಿಲ್ರಿ," ಎಂದು ಗೋಗರೆಯುತ್ತ ತಿರುಗಿದಳು. ರಾಯರ ಪೆನ್ನಿನ ಮುಚ್ಚಳ ತೆರೆದಿತ್ತು. ಅವರು ಬಿಡುವಿಲ್ಲದೆ ಬರೆಯುತ್ತಿದ್ದರು.

"ಸುಮ್ನಿರ್ರಿ, ತಂಗೀ. ತಮ್ಮದಲ್ಲದ್ದಕ್ಕ ಯಾರಾದ್ರೂ ಹಿಂಗ ಜಗಳಾಡ್ತಾರೇನು? ನನಗ ಬೇಕಾದ ಪುರಾವೆ ಸಿಕ್ತು."

"ಹಂಗಾರ ಯಾರ ಹೆಸರು ಬರದ್ರಿ?" ಎರಡೂ ಪಕ್ಷಗಳು ಒಟ್ಟಿಗೆ ಕೇಳಿದವು.

ರಾಯರು ಹೊರಡಲೆಂದು ಚೀಲಕ್ಕೆ ಕೈ ಚಾಚಿದರು. ಚೀಲವಿರಲಿಲ್ಲ. ರಾಜಬಿ ಅದನ್ನು ಕೊನೆಯ ಡಬ್ಬಿಯ ಹಿಂದೆ ಇಟ್ಟಾಗಿತ್ತು. "ಇಲ್ಲಿ ಕೈ ಕೊಡದವರ ಪಾಳಿ ಅಲ್ಲೇ ರೀ, ಸರ."

ರಾಯರು ಅಂಗಿಯ ತೋಳು ಮಡಚಿ, ಕೈ ಚಾಚಿ ಕುಳಿತರು.

"ಮ್ಯಾಲಿನ ಒತ್ತಡ ನೂರಾ ಎಪ್ಪತ್ತೆರಡು ರೀ, ಭಾಳ ಆತು," ಎಂದಳು ಭಾಗ್ಯಶ್ರೀ, ಮೆಲ್ಲಗೆ.

"ಅದು ಇವರ ಜಗಳದ ಅಂಕಿ. ನಂದಲ್ಲ."

"ಯಾರದರ ಇರ್ಲಿ, ಬರೋ ಮಂಗಳವಾರ ಮತ್ತ ಬರ್ರಿ," ಎಂದಳು ಕಾಶೀಬಾಯಿ. "ಗಿರಣಿ ಯಾರ ವಿಚಾರ ಅಂತ ಅವತ್ತ ತೀರ್ಪೂ ಹೇಳ್ರಿ."

ಕಾರ್ಯಕ್ರಮ ಮುಂದುವರಿಯಲೆಂದು ರಾಯರ ವರದಿ ಶುಕ್ರವಾರವೇ ಬಂತು. ಮಂಗಳವಾರ ಅವರೂ ಬಂದರು, ಜೋಳದ ಡಬ್ಬಿ ಹಿಡಿದು. ಈಗ ಪ್ರತಿ ವಾರವೂ ಬರುತ್ತಾರೆ. ತೀರ್ಪಿನ ಮಾತೆತ್ತಿದರೆ ಒತ್ತಡ ಏರುತ್ತದೆಂದು ಮುಂದಿನ ವಾರಕ್ಕೆ ತಳ್ಳುತ್ತಾರೆ. ಅದೊಂದು ಬಾಕಿ ಹಾಗೆಯೇ ಉಳಿದಿದೆ.