ಬಣ್ಣದ ಪರದೆ ಯಾರಿಗೆ?

ಕಣ್ಣು ಕಾಣದವರಿಗೆ ಕಂಪ್ಯೂಟರ್ ಕಲಿಸುವ ಸಂಘ ಅದು. ಕಲಿಯುವವರು ಎಂಟು ಜನ, ನಡೆಯುವ ಕಂಪ್ಯೂಟರ್ ಒಂದೇ ಒಂದು. ಉಳಿದವು ಕೆಟ್ಟು ಮೂಲೆ ಸೇರಿದ್ದವು. ಬೆಂಚಿನ ಮೇಲೆ ಸರದಿಗೆ ಕಾದು ಕಾದು ಎಲ್ಲರಿಗೂ ಸಾಕುಸಾಕಾಗಿತ್ತು. ಅವರಲ್ಲಿ ತುಂಬಾ ಚಡಪಡಿಸುತ್ತಿದ್ದವಳು ಟೈಲರ್ ಅಕ್ಕ. ದೃಷ್ಟಿ ಹೋಗಿ ಹೊಲಿಗೆ ಬಿಟ್ಟವಳು. ಆಸ್ಪತ್ರೆಯೊಂದರಲ್ಲಿ ಫೋನ್ ಎತ್ತಿ ವಿವರ ಟೈಪ್ ಮಾಡುವ ಕೆಲಸ ಖಾಲಿಯಿತ್ತು. ಮುಂದಿನ ತಿಂಗಳು ಅದಕ್ಕೆ ಟೈಪಿಂಗ್ ಪರೀಕ್ಷೆ. ಕೈ ಪಳಗದಿದ್ದರೆ ಆ ಕೆಲಸದ ಆಸೆ ಬಿಡಬೇಕಿತ್ತು.

ಅಷ್ಟರಲ್ಲಿ ದಾನಿಯೊಬ್ಬರು ಹಣ ಕೊಟ್ಟರು. ಸಂಘದ ಖಜಾಂಚಿ ಟೈಲರ್ ಅಕ್ಕನ ಸೋದರಮಾವನೇ. ಅಂಗಡಿಗೆ ಹೋದವರು ಹಿಗ್ಗಿ ಹೀರೇಕಾಯಿಯಾಗಿ ಬಂದರು.

“ಎರಡು ಕಂಪ್ಯೂಟರ್ ಹೇಳ್ಬಿಟ್ಟು ಬಂದೆ ಕಣಮ್ಮ! ಇಷ್ಟಗಲ ಪರದೆ. ಆ ಬಣ್ಣ ನೋಡಿದ್ರೆ ಕಣ್ಣು ತುಂಬುತ್ತೆ!”

ಟೈಲರ್ ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. “ಯಾರ ಕಣ್ಣು, ಮಾವ? ಎಂಟು ಜನಕ್ಕೆ ಎರಡು! ಬಣ್ಣ ನೋಡೋಕೆ ಇಲ್ಲಿ ಯಾರಿದ್ದೀವಿ?”

“ಅದು... ಉದ್ಘಾಟನೆಗೆ ಫೋಟೋ ತೆಗೀತಾರಲ್ಲ. ಚೆನ್ನಾಗಿ ಕಾಣ್ಬೇಡ್ವಾ?”

ಫೋಟೋಗಂತೆ! ಇದೆಂಥ ಅನ್ಯಾಯ ಹೇಳಿ.

“ನಮ್ಮ ಹೊಟ್ಟೆಪಾಡು ನಿಮ್ಮ ಫೋಟೋಗಿಂತ ಕಡೆಯಾಯ್ತಾ? ಮುಂಗಡ ಕೊಟ್ರಾ?”

“ಇಲ್ಲ, ನಾಳೆ ಕೊಡ್ತೀನಿ ಅಂದೆ.”

“ಸದ್ಯ, ಬದುಕಿದ್ವಿ! ನಾನೂ ಬರ್ತೀನಿ, ನಡೀರಿ.”

ಕಂಪ್ಯೂಟರ್ ಕಲಿಸುವ ಟೀಚರೂ ಜೊತೆಗೆ ಹೊರಟರು. ಅವರು ಕರೆದೊಯ್ದದ್ದು ಬೇರೆ ಅಂಗಡಿಗೆ. ಆಫೀಸುಗಳು ಬಳಸಿ ಬಿಟ್ಟ ಕಂಪ್ಯೂಟರುಗಳನ್ನು ರಿಪೇರಿ ಮಾಡಿ ಮಾರುವ ಅಂಗಡಿ ಅದು. ಮಾವ ಮುಖ ಸಿಂಡರಿಸಿದರು.

“ಹಳೇದಾ? ಯಾವಾಗ ಕೈಕೊಡುತ್ತೋ ಯಾರಿಗ್ಗೊತ್ತು!”

“ಅದಕ್ಕೇ ವಾರಂಟಿ ಬರೆಸ್ಕೊಳ್ಳೋಣ ಸಾರ್,” ಎಂದರು ಟೀಚರ್. “ಬಿಡಿಭಾಗ ಸಿಗುತ್ತಾ, ಸುರಕ್ಷತೆಯ ಅಪ್‌ಡೇಟ್ ಇನ್ನೂ ಬರುತ್ತಾ ಅಂತ ಕೇಳೋಣ. ಮೆಮೊರಿ ಸಾಕಷ್ಟಿರಲಿ. ಪರದೆ ಓದಿ ಹೇಳೋ ತಂತ್ರಾಂಶ ಪುಕ್ಕಟೆ ಸಿಗುತ್ತೆ. ಹೆಡ್‌ಫೋನ್‌ಗೂ ದುಡ್ಡು ಎತ್ತಿಡೋಣ.”

ಟೀಚರ್ ಒಂದು ಕಂಪ್ಯೂಟರಿಗೆ ಆ ತಂತ್ರಾಂಶ ಹಾಕಿದರು. ಟೈಲರ್ ಅಕ್ಕ ಅದರ ಮುಂದೆ ಕೂತು ಕೀಬೋರ್ಡ್ ಸವರಿದಳು. ಬೆರಳು ಎಲ್ಲಿಡಬೇಕೆಂದು ತಿಳಿಸುವ ಉಬ್ಬುಗೆರೆ ಕೈಗೆ ಸಿಕ್ಕಿತು. ಟೀಚರ್ ಹೆಡ್‌ಫೋನನ್ನು ಮಾವನ ಕಿವಿಗೆ ಹಾಕಿ ಪರದೆ ಆರಿಸಿಬಿಟ್ಟರು. ಅವಳು ಹೊಡೆದ ಒಂದೊಂದು ಅಕ್ಷರವನ್ನೂ ಕಂಪ್ಯೂಟರ್ ಹೇಳುತ್ತಾ ಹೋಯಿತು.

ಮಾವನ ಮುಖ ಸಣ್ಣಗಾಯಿತು. “ಪರದೆ ಇಲ್ದೇನೇ ನಡೆಯುತ್ತಲ್ಲಮ್ಮ! ನಾನು ಅದಕ್ಕೇ ದುಡ್ಡು ಸುರಿಯೋಕೆ ಹೊರಟಿದ್ದೆ.”

“ಒಂದು ಮಾತು ನಮ್ಮನ್ನ ಕೇಳ್ಬಾರದಿತ್ತಾ, ಮಾವ?”

ಮಾವ ಅಲ್ಲಿಂದಲೇ ಮೊದಲಿನ ಅಂಗಡಿಗೆ ಫೋನ್ ಮಾಡಿ ಆ ಎರಡು ಕಂಪ್ಯೂಟರ್ ಬೇಡವೆಂದರು. ಅದೇ ಹಣಕ್ಕೆ ಏಳು ಕಂಪ್ಯೂಟರ್ ಬಂದವು, ಹೆಡ್‌ಫೋನ್ ಸಮೇತ. ಟೈಲರ್ ಅಕ್ಕ ತಿಂಗಳಿಡೀ ಕೂತು ಕೈ ಪಳಗಿಸಿಕೊಂಡಳು. ಈಗ ಆ ಆಸ್ಪತ್ರೆಗೆ ಫೋನ್ ಮಾಡಿದರೆ ಎತ್ತುವವಳು ಅವಳೇ.

ಸಂಘ ನಡೆಸುವ ಅಣ್ಣ-ಅಕ್ಕಂದಿರೇ, ದಾನದ ಹಣ ನಿಮ್ಮ ಶೋಕಿಗಲ್ಲ. ಕೆಲಸ ಏನು, ಕೂರುವವರು ಎಷ್ಟು ಜನ ಎಂದು ಮೊದಲು ನೋಡಿ. ರಿಪೇರಿ ಮಾಡಿದ್ದಾದರೂ ಸರಿ, ವಾರಂಟಿ ಕೇಳಿ, ನಡೆಸಿ ನೋಡಿ ಕೊಳ್ಳಿ. ಅಂಗಡಿಗೆ ಹೋಗುವಾಗ ಅದರ ಮುಂದೆ ಕೂರುವವರನ್ನೂ ಕರೆದುಕೊಂಡು ಹೋಗಿ. ಅವರನ್ನು ಬಿಟ್ಟು ಹೋಗಲು ನಿಮಗೆ ಯಾವ ಹಕ್ಕೂ ಇಲ್ಲ.