ಫಾರ್ಮಿನಲ್ಲಿ ಒಂದೇ ಕಿಕೊಂಗೊ

ಲಾಕ್‌ಡೌನಿನ ಎರಡನೇ ವರ್ಷ. ಹೊರದೇಶದ ಬಾಂಗ್ಸಾರ್ ಬಡಾವಣೆಯ ಫ್ಲ್ಯಾಟಿನಲ್ಲಿ ಊಟದ ಮೇಜನ್ನೇ ಆಫೀಸು ಮಾಡಿಕೊಂಡಿದ್ದ ಮೈಸೂರಿನ ಸರೋಜಿನಿಗೆ ತಲೆ ಚಿಟ್ಟುಹಿಡಿದಿತ್ತು. ಅನುವಾದದ ಕಂಪನಿಯಲ್ಲಿ ಕೆಲಸ ಹಂಚಿ, ಬೆನ್ನುಬಿದ್ದು ಮಾಡಿಸುವುದು ಅವಳ ಪಾಡು. ಕಾಂಗೋ ದೇಶದ ಹಳ್ಳಿ ರೇಡಿಯೋಗೆ ಲಸಿಕೆಯ ಬಗ್ಗೆ ಎರಡೇ ಎರಡು ನಿಮಿಷದ ಮಾತು, ಕಿಕೊಂಗೊ ಭಾಷೆಯಲ್ಲಿ, ಶುಕ್ರವಾರ ಸಂಜೆಯೊಳಗೆ ಹೋಗಬೇಕಿತ್ತು.

ಅಡ್ಡ ನಿಂತವರು ಇಬ್ಬರು ಮಹಾಶಯರು. ಬರೆದು ಓದುವವನು ಮಕಿಯೆಸೆ, ಅಲ್ಲೇ ಹತ್ತಿರದ ಕ್ಲಾಂಗ್ ಬಂದರಿನ ಗುಮಾಸ್ತ. ಕಾಂಗೋದ ಬೋಮಾ ಕಡೆಯ ಹಳ್ಳಿಯವನು, ಮನೆಮಾತು ಕಿಯೊಂಬೆ. ತಿದ್ದುವವರು ನಿವೃತ್ತ ಮೇಷ್ಟ್ರು ನ್ಸಿಂಬಾ. ಅವರದು ಒಳನಾಡಿನ ಕಿಂತಾಂದು. ಎರಡೂ ಕಿಕೊಂಗೊವಿನ ಒಳನುಡಿಗಳೇ. ಆದರೂ ಮೇಷ್ಟ್ರು ಮೂರು ಸಲ ಹಾಳೆಯನ್ನು ಕೆಂಪು ಮಾಡಿ ವಾಪಸ್ಸು ಕಳಿಸಿದ್ದರು.

"ನಮ್ಮಮ್ಮ ಲಸಿಕೆ ಬೇಡ ಅಂತ ಕೂತಿದಾಳೆ ಮೇಡಂ, ಇಡೀ ಹಳ್ಳೀನೇ ಹಾಗೆ. ನಮ್ಮ ಮಾತಲ್ಲಿ ಹೇಳಿದ್ರೆ ಕೇಳ್ತಾರೆ," ಎಂದು ಮಕಿಯೆಸೆ ಫೋನಿನಲ್ಲಿ ಇಂಗ್ಲಿಷಿನಲ್ಲೇ ಅಂಗಲಾಚಿದ.

"ಅದು ಅಂಗಳದ ಮಾತು, ರೇಡಿಯೋಗೆ ಆಗಲ್ಲ," ಅಂದರು ಅದೇ ಕರೆಯಲ್ಲಿದ್ದ ಮೇಷ್ಟ್ರು.

"ಎಲ್ರಿಗೂ ಅರ್ಥವಾಗೋ ಕಿತುಬಾ ಇದೆಯಂತಲ್ಲ, ಅದರಲ್ಲೇ ಓದ್ಬಿಡಿ!" ಎಂದು ಸರೋಜಿನಿ ರೇಗಿದಳು. ಮೂರು ದಿನದಿಂದ ಕಿತ್ತಾಡುತ್ತಿದ್ದ ಇಬ್ಬರೂ ಆಗ ಒಂದಾಗಿ ಅವಳ ಮೇಲೇ ಮುಗಿಬಿದ್ದರು. ಅದು ಸಂತೆಯ, ಸರ್ಕಾರದ ಭಾಷೆಯಂತೆ!

"ಯಾರ ಕಿಕೊಂಗೊ ಆದ್ರೇನು ಇವರಿಗೆ?" ಎಂದು ಅವಳು ಗೊಣಗಿದಾಗ ಹುಬ್ಬಳ್ಳಿಯ ಗಂಡ ರಮಾನಂದ ನಕ್ಕ. "ಮದುವ್ಯಾಗಿ ಹನ್ನೆರಡ ವರ್ಷಾತು, ನನ್ನ ಮಾತು ಇನ್ನೂ ತಿದ್ದಾಕತ್ತಿ. ನೀ ಅವರಿಗೆ ಬುದ್ಧಿ ಹೇಳ್ತಿಯೇನ?"

ಅವಳು ಲ್ಯಾಪ್‌ಟಾಪಿನತ್ತ ತಿರುಗಿದಳು. ಕಂಪನಿಯ ಒಪ್ಪಿಗೆಯ ಫಾರ್ಮಿನಲ್ಲಿ ಕಿಕೊಂಗೊಗೆ ಇದ್ದದ್ದು ಒಂದೇ ಚೌಕ, ಯಾವ ಕಡೆಯ ಕಿಕೊಂಗೊ ಎಂದು ಬರೆಯಲು ಜಾಗವೇ ಇರಲಿಲ್ಲ. ಮೇಷ್ಟ್ರು ತಿದ್ದಿದ್ದಕ್ಕೇ ಒಪ್ಪಿಗೆ ಒತ್ತಿ ಕೈತೊಳೆದುಕೊಂಡಳು. ಮಕಿಯೆಸೆ ಅದನ್ನೇ ತನ್ನ ದನಿಯಲ್ಲಿ ಓದಿ ಕಳಿಸಿದ.

ಮುಂದಿನ ವಾರ ಅವನ ಫೋನು ಬಂತು. "ಅಮ್ಮ ರೇಡಿಯೋ ಕೇಳಿದ್ಲು ಮೇಡಂ."

"ಲಸಿಕೆ ಹಾಕಿಸ್ಕೊಂಡ್ರಾ?"

"ಇಲ್ಲ. ಯಾವನೋ ದೊಡ್ಡ ಸಾಹೇಬ ಹೇಳಿದ, ಅವನಿಗೇನು, ನನ್ನ ಮಗ ಹೇಳ್ಲಿ ನೋಡೋಣ ಅಂದ್ಲು."

ಓದಿದವನು ಆ ಮಗನೇ! ಹೆತ್ತ ತಾಯಿಗೇ ಮಗನ ಗುರುತು ಹತ್ತದಂತೆ ಮಾಡಿದವಳು ತಾನೇ ಎಂದು ಸರೋಜಿನಿಗೆ ಹೊಳೆಯಿತು.

"ನಾನು ಫೋನಲ್ಲಿ ಹೇಳಿ ಒಪ್ಪಿಸ್ತೀನಿ ಬಿಡಿ," ಅಂದ ಮಕಿಯೆಸೆ. "ಉಳಿದ ಮನೆಗಳಿಗೆ ಯಾರು ಹೇಳ್ಬೇಕು?"

"ನೀವೇ ಹೇಳಿ," ಎಂದಳು ಸರೋಜಿನಿ. "ಮೊದಲು ನಿಮ್ಮ ಮಾತಲ್ಲಿ ಬರೆದಿದ್ರಲ್ಲ, ಅದನ್ನೇ ಹೊರಗೆ ತೆಗೀರಿ. ಅಮ್ಮನ ಮುಂದೆ ಕೂತಿದೀನಿ ಅನ್ಕೊಂಡು ರೇಡಿಯೋಗೆ ಓದಿ. ಮೇಷ್ಟ್ರನ್ನ ನಾನು ನೋಡ್ಕೋತೀನಿ."